‘ಕಡತ’ವೋ ‘ಕಡಿತ’ವೋ? ಚೀಟಿಯಲ್ಲಿ ಯಾವುದನ್ನು ಬರೆಯಲಿ?

ಎಲ್ಲರಿಗೂ ನಮಸ್ಕಾರ.

ಹಳೇ ಕಾಲದ ಬಟ್ಟೆಯ ಲೆಕ್ಕದ ಪುಸ್ತಕಕ್ಕೆ ಇವತ್ತು ಕನ್ನಡದಲ್ಲಿ ಏನಂತ ಬರೆಯಬೇಕು? ‘ಕಡತ’ ಅಂತಲೋ, ‘ಕಡಿತ’ ಅಂತಲೋ, ಇಲ್ಲ ಬೇರೆ ಪದವೇ ಬೇಕೋ?

ಕೊಪ್ಪಳದ ಕಾಲೇಜೊಂದರಲ್ಲಿ ಸುತ್ತಲಿನ ಮನೆಗಳಿಂದ ತಂದ ಹಸ್ತಪ್ರತಿಗಳನ್ನು ಹುಡುಗರಿಗೆ ತೋರಿಸುವ ಏರ್ಪಾಟು ನಡೆದಿದೆ. ಒಂದೊಂದರ ಮುಂದೆ ಇಡುವ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ಗುಮಾಸ್ತನಲ್ವಾ, ಅಕ್ಷರ ದುಂಡಗಿದೆ ಅಂತ ಕರೆದರು. ಓಲೆಗರಿಯ ಚೀಟಿಗಳು ಬೇಗ ಮುಗಿದವು. ಗರಿ, ಕಟ್ಟು, ಕಂಠ (ಗರಿಯ ಮೇಲೆ ಕೊರೆದು ಬರೆಯುವ ಕಡ್ಡಿ), ಎಲ್ಲಕ್ಕೂ ಪದ ಸಿದ್ಧವಾಗಿಯೇ ಇವೆ. ತಕರಾರು ಬಂದದ್ದು ಗಂಗಾವತಿ ಕಡೆಯ ಸಾವುಕಾರರೊಬ್ಬರ ಮನೆಯಿಂದ ಬಂದ ಕಪ್ಪು ಬಟ್ಟೆಯ ಪುಸ್ತಕಕ್ಕೆ.

ನೋಡದವರಿಗಾಗಿ ಹೇಳುತ್ತೇನೆ. ಉದ್ದನೆಯ ಹತ್ತಿ ಬಟ್ಟೆ. ಅದರ ಎರಡೂ ಮಗ್ಗುಲಿಗೆ ಹುಣಸೆ ಬೀಜದ ಸರಿಯಲ್ಲಿ, ಅಂದರೆ ಅಂಟಿನಲ್ಲಿ, ಇದ್ದಿಲ ಪುಡಿ ಕಲಸಿ ಬಳಿಯುತ್ತಾರೆ. ಒಣಗಿದ ಮೇಲೆ ಕತ್ತರಿಸದೆ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚುತ್ತಾರೆ. ಎರಡೂ ತುದಿಗೆ ಮರದ ಹಲಗೆ. ಬರೆಯುವುದು ಬಳಪದಲ್ಲಿ. 1810ರಲ್ಲಿ ಮೈಸೂರಿನ ಇತಿಹಾಸ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಅಳತೆಯನ್ನೂ ಕೊಟ್ಟಿದ್ದಾನೆ. ಅಗಲ 8 ಇಂಚಿನಿಂದ 1 ಅಡಿ, ಉದ್ದ 12ರಿಂದ 18 ಅಡಿ. ನಮ್ಮ ಮುಂದಿದ್ದದ್ದು ಅಷ್ಟು ಉದ್ದ ಉಳಿದಿಲ್ಲ. ಮಡಿಕೆಯ ಏಣುಗಳಲ್ಲಿ ಕಪ್ಪು ಉದುರಿ ನೂಲು ಕಾಣುತ್ತದೆ. ಬೆರಳಾಡಿಸಿದರೆ ಮಸಿ ಹತ್ತುತ್ತದೆ. ಬಿಳಿ ಅಕ್ಷರ ಮಾತ್ರ ಇನ್ನೂ ಎದ್ದು ಕಾಣುತ್ತವೆ. ಮೇಲೆ ‘ಶ್ರೀ’, ಕೆಳಗೆ ಜಮಾ, ಖರ್ಚು, ಬಾಕಿ. ತಂದುಕೊಟ್ಟ ಅಜ್ಜ ಹೇಳಿದ್ದು ಒಂದೇ ಮಾತು: “ಹಸಿ ಕೈಲೆ ಮುಟ್ಟಬ್ಯಾಡೋ ತಮ್ಮಾ, ಲೆಕ್ಕಾನೇ ಅಳಿಸಿ ಹೋಗ್ತೈತಿ.”

ಹುಣಸೆ ಬೀಜದ ಸರಿ ನಮ್ಮ ಸೀಮೆಗೆ ಹೊಸದಲ್ಲ. ಕಂಬಳಿ ನೇಯುವವರು ಅದನ್ನೇ ಹಚ್ಚುತ್ತಾರೆ. ಕಿನ್ನಾಳದ ಗೊಂಬೆ ಮಾಡುವವರೂ ಅದನ್ನೇ ಬಳಸುತ್ತಾರೆ.

ಈಗ ಪದದ ಮಾತು. ನಾನು ‘ಕಡತ’ ಅಂತ ಬರೆದೆ. ಅಲ್ಲೇ ನಿಂತಿದ್ದ ಒಬ್ಬ ಹುಡುಗ ಓದಿ, “ಸರ್, ಇದು ಯಾವ ಆಫೀಸಿನ ಫೈಲು?” ಅಂದ. ಅವನದೇನೂ ತಪ್ಪಿಲ್ಲ. ‘ಕಡತ ವಿಲೇವಾರಿ’, ‘ಕಡತ ಮಂಡಿಸಿದೆ’ ಅಂತ ದಿನಾ ಬರೆಯುವವನು ನಾನೇ. ಬಾಯಲ್ಲಿ ಮಾತ್ರ ಯಾರೂ ಕಡತ ಅನ್ನುವುದಿಲ್ಲ, ‘ಫೈಲು ಎಲ್ಲೈತಿ’ ಅಂತಲೇ ಕೇಳುತ್ತಾರೆ. ಕನ್ನಡ ಮೇಡಂ ‘ಕಡಿತ’ ಅಂತ ತಿದ್ದಿದರು. ಶಾಸನಗಳಲ್ಲಿ ಇರುವುದು ಇದೇ ರೂಪ. ಆದರೆ ಇವತ್ತು ಆ ಚೀಟಿ ಓದಿದವರಿಗೆ ನೆನಪಾಗುವುದು ವಿದ್ಯುತ್ ಕಡಿತ, ಸಂಬಳ ಕಡಿತ, ನಾಯಿ ಕಡಿತ! ಮೂರನೆಯವರು ‘ಬಟ್ಟೆಯ ಹಸ್ತಪ್ರತಿ’ ಅನ್ನೋಣ ಅಂದರು. ಅದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಇರುವ ಹೆಸರನ್ನು ಬಿಟ್ಟು ವಿವರಣೆಯನ್ನೇ ಹೆಸರು ಮಾಡಿದ ಹಾಗಾಗುತ್ತದೆ.

ಹೆಚ್ಚಿನವರು ಹೇಳುವುದು ಹೀಗೆ: ಕಡತ ಅಂದರೆ ಮೊದಲು ಬಟ್ಟೆಯ ಪುಸ್ತಕ, ಆಮೇಲೆ ಸರ್ಕಾರದವರು ಆ ಪದವನ್ನು ಎಳೆದು ತಂದು ಫೈಲಿಗೆ ಅಂಟಿಸಿದರು, ಅರ್ಥ ಕೆಡಿಸಿದರು. ನನಗೆ ಹಾಗೆ ಅನಿಸುವುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಅನ್ನುವ ಅಧಿಕಾರಿ ಬರುತ್ತಾನೆ. ವೆರ್ಗಡೆ ಅಂದರೆ ಪೆರ್ಗಡೆ, ಇವತ್ತಿನ ಹೆಗ್ಗಡೆ. ಲೆಕ್ಕಪತ್ರಗಳ ಮೇಲಿನ ದೊಡ್ಡ ಅಧಿಕಾರಿ ಅವನು. ನಮ್ಮ ಇಟಗಿಯ ಮಹಾದೇವ ದೇವಸ್ಥಾನ ಎದ್ದದ್ದು 1112ರಲ್ಲಿ. ಆ ಸುಮಾರಿಗೇ ಕಡಿತ ಅನ್ನುವುದು ರಾಜರ ಕಚೇರಿಯ ಪದ. ಶೃಂಗೇರಿ ಮಠದಲ್ಲೂ ಕಡತಗಳಿವೆ. ಅವೂ ಮಠದ ದಾಖಲೆಗಳೇ. ಅಂದಮೇಲೆ ಕಚೇರಿಗೂ ಈ ಪದಕ್ಕೂ ನಂಟು ಹಳೆಯದು. ಬದಲಾದದ್ದು ವಸ್ತು. ಬಟ್ಟೆ ಹೋಗಿ ಕಾಗದ ಬಂತು, ಈಗ ಕಂಪ್ಯೂಟರ್ ಬಂದಿದೆ. ಅದಕ್ಕೂ ‘ಇ-ಕಡತ’ ಅಂತಲೇ ಬರೆಯುತ್ತೇವೆ.

ವಸ್ತುವಿನ ಗುಣವೂ ಇದನ್ನೇ ಹೇಳುತ್ತದೆ. ಓಲೆಗರಿಯಲ್ಲಿ ಕಂಠದಿಂದ ಕೊರೆದು ಬರೆಯುತ್ತಾರೆ. ಕೊರೆದದ್ದು ಕೊರೆದದ್ದೇ, ಅಳಿಸಲು ಆಗುವುದಿಲ್ಲ. ಅದಕ್ಕೇ ಅದು ಕಾವ್ಯಕ್ಕೆ, ವಚನಕ್ಕೆ, ಶಾಸ್ತ್ರಕ್ಕೆ ಆಗಿಬಂತು. ಕಡತದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಒರೆಸದಿದ್ದರೆ ಬಹಳ ಕಾಲ ಉಳಿಯುತ್ತದೆ. ದಿನದ ಲೆಕ್ಕಕ್ಕೆ ಇದಕ್ಕಿಂತ ಅನುಕೂಲ ಏನಿದೆ? ಅಳಿಸಿ ಬರೆಯಬಹುದಾದ ಲೆಕ್ಕಕ್ಕೆ ಮೇಲೊಬ್ಬ ಹೆಗ್ಗಡೆ ಬೇಕೇ ಬೇಕು, ಅಲ್ವಾ! ಇದು ನನ್ನ ಗುಮಾಸ್ತ ಬುದ್ಧಿಗೆ ತೋಚಿದ್ದು.

ನಮ್ಮ ವಿದ್ವಾಂಸರ ಬರಹಗಳಲ್ಲಿ ಕಡತದ ಮಾತು ಕಡಿಮೆ ಕಾಣಿಸುವುದಕ್ಕೂ ಕಾರಣ ಇಲ್ಲೇ ಇದೆ ಅನಿಸುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಬಂದದ್ದು 1964ರಲ್ಲಿ. ಆಮೇಲೆ ಎಂ.ಎಂ. ಕಲಬುರ್ಗಿಯವರು ಆ ದಾರಿಯನ್ನು ಇನ್ನೂ ಅಗಲ ಮಾಡಿದರು. ಅವರ ಮುಖ್ಯ ಕೆಲಸ ಒಂದೇ ಕೃತಿಯ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾದ ಪದಗಳನ್ನು, ನೋಡುವುದು. ಯಾವ ಲಿಪಿಕಾರ ಎಲ್ಲಿ ಎಡವಿದ, ಎಲ್ಲಿ ಪಕಾರ ವಕಾರವಾಯಿತು, ಎಲ್ಲಿ ದೀರ್ಘ ಬಿಟ್ಟುಹೋಯಿತು ಅಂತ ಹುಡುಕುವುದು. ಸಾವುಕಾರನ ಬಾಕಿ ಲೆಕ್ಕಕ್ಕೆ ಎರಡನೇ ಪ್ರತಿ ಎಲ್ಲಿಂದ ಬರಬೇಕು? ಅದನ್ನು ಯಾರೂ ಪುಣ್ಯಕ್ಕೆ ನಕಲು ಮಾಡಿಸುವುದಿಲ್ಲ. ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದ್ದು ಪೊನ್ನನ ಶಾಂತಿಪುರಾಣವನ್ನು!

ಇನ್ನು ರಾಯಚೂರು, ಕೊಪ್ಪಳದ ವಿಷಯವೇ ಬೇರೆ. ನಿಜಾಮರ ಆಡಳಿತದಲ್ಲಿ 1884ರವರೆಗೆ ಫಾರಸಿ, ಆಮೇಲೆ ಉರ್ದು. ಹೀಗಾಗಿ ಇಲ್ಲಿನ ಹಿರಿಯರ ಬಾಯಲ್ಲಿ ಕಡತಕ್ಕೆ ಜಾಗ ಇರಲಿಲ್ಲ. ಕಾಗದದ ಕಟ್ಟು ಅಂದರೆ ‘ದಫ್ತರ’, ಅದನ್ನು ಬಟ್ಟೆಯಲ್ಲಿ ಸುತ್ತಿದರೆ ‘ಬಸ್ತಾ’, ಒಂದು ಪ್ರಕರಣದ್ದು ಅಂದರೆ ‘ಮಿಸಲ್’. 1956ರಲ್ಲಿ ಒಂದಾದೆವು, 1963ರಲ್ಲಿ ನಮ್ಮ ರಾಜ್ಯದ ರಾಜಭಾಷಾ ಕಾಯ್ದೆ ಬಂತು. ಆಮೇಲೇ ‘ಕಡತ’ ಇಲ್ಲಿನ ಕಚೇರಿಗಳಲ್ಲಿ ನೆಲೆ ನಿಂತಿತು. ಹಾಗಾಗಿ ನಮ್ಮ ಕಡೆಯವರಿಗೆ ಅದು ಸರ್ಕಾರ ತಂದ ಹೊಸ ಪದದ ಹಾಗೆ ಕೇಳಿಸುತ್ತದೆ. ಒಂದು ತಮಾಷೆ ನೋಡಿ. ದಫ್ತರ ಅನ್ನುವ ಪದದ ಬೇರು ಹಿಡಿದು ಹೋದರೆ ತೊಗಲು ಅನ್ನುವ ಅರ್ಥದ ಗ್ರೀಕ್ ಪದಕ್ಕೆ ಮುಟ್ಟುತ್ತದೆ. ತಮಿಳಿನಲ್ಲಿ ‘ಕಡಿದಂ’ ಅಂದರೆ ಪತ್ರ. ಬರೆಯುವ ವಸ್ತು ಮರೆಯಾದರೂ ಅದರ ಹೆಸರು ಬರಹಕ್ಕೆ ಅಂಟಿಕೊಂಡು ಉಳಿಯುವುದು ಎಲ್ಲ ಕಡೆಯೂ ಇದೆ. ನಮ್ಮದೇ ‘ಕರೆಯೋಲೆ’ಯಲ್ಲಿ ಈಗ ಓಲೆ ಎಲ್ಲಿದೆ?

ಇಷ್ಟೆಲ್ಲ ಯೋಚಿಸಿ ನಾನು ಚೀಟಿಯಲ್ಲಿ ‘ಕಡತ’ವನ್ನೇ ಉಳಿಸಬೇಕು ಅಂದುಕೊಂಡಿದ್ದೇನೆ. ಕೆಳಗೆ ಸಣ್ಣಕ್ಷರದಲ್ಲಿ: “ಹುಣಸೆ ಬೀಜದ ಸರಿ, ಇದ್ದಿಲು ಬಳಿದ ಬಟ್ಟೆ. ಬಳಪದ ಬರಹ. ಶಾಸನಗಳಲ್ಲಿ ಇದರ ಹೆಸರು ಕಡಿತ.” ಮೇಡಂ ಅರ್ಧ ಒಪ್ಪಿದ್ದಾರೆ. ಈ ಚೀಟಿಗೆ ನಿಮ್ಮಲ್ಲಿ ಆಕ್ಷೇಪಣೆ ಇದ್ದರೆ ಕಾರಣ ಸಹಿತ ಬರೆಯಿರಿ.

ಬಳ್ಳಾರಿ ಕಡೆಯವರಿಗೆ ಬೇರೆಯೇ ಒಂದು ಪ್ರಶ್ನೆ. ನಿಮ್ಮದು 1800ರಿಂದ ಮದರಾಸಿನ ಆಡಳಿತಕ್ಕೆ ಸೇರಿದ ಸೀಮೆ, ನಿಜಾಮರ ಉರ್ದು ಕಾಗದಗಳ ಕಾಟ ಇಲ್ಲ. ಬ್ರಿಟಿಷರ ಸರ್ವೇ ಅಧಿಕಾರಿ ಮೆಕೆಂಜಿ ಬರೆಸಿದ ಕೈಫಿಯತ್ತುಗಳಲ್ಲಿ, ಅಂದರೆ ಊರೂರಿನ ಚರಿತ್ರೆಯ ಬರಹಗಳಲ್ಲಿ, ಊರಿನ ಹಳೇ ದಾಖಲೆಗೆ ‘ದಂಡಕವಿಲೆ’ ಅನ್ನುವ ಪದ ಬರುತ್ತದೆ. ನಿಮ್ಮ ಮನೆಯ ಹಿರಿಯರು ‘ಕವಿಲೆ’ ಅಂತ ಕರೆಯುತ್ತಿದ್ದದ್ದು ಓಲೆಯನ್ನೋ, ಇಂಥ ಕಪ್ಪು ಬಟ್ಟೆಯನ್ನೋ? ಊರಿನ ಲೆಕ್ಕ ಬರೆಯುತ್ತಿದ್ದ ಕರಣಂ ಮನೆತನದವರು ಯಾರಾದರೂ ಇದ್ದರೆ ದಯವಿಟ್ಟು ಅಟ್ಟ ಹತ್ತಿ ನೋಡಿ. ಸಿಕ್ಕರೆ ಫೋಟೋ ಹಾಕಿ, ಒರೆಸಿ ಸ್ವಚ್ಛ ಮಾಡಲು ಮಾತ್ರ ಹೋಗಬೇಡಿ.