ಒಂದೇ ಕೈಯಲ್ಲಿ ಅಥವಾ ಒಂದೇ ಸಾಲಿನಲ್ಲಿ ಟೈಪ್ ಆಗುವ ಉದ್ದದ ಇಂಗ್ಲಿಷ್ ಪದಗಳು ಬೇಕು

ಬೆರಳಚ್ಚು:
ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಟೈಪಿಂಗ್ ಕಲಿಯುವವರಿಗೆ ಅಭ್ಯಾಸದ ಹಾಳೆ ಮಾಡುತ್ತಿದ್ದೇನೆ. ‘ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ’ ಮುಗಿಸಿ ನೇರವಾಗಿ ವಾಕ್ಯಕ್ಕೆ ಹೋದರೆ ಕೈ ತಡವರಿಸುತ್ತದೆ. ನಡುವೆ ಕೊಡಲು ಎಡಗೈಯದ್ದೇ, ಬಲಗೈಯದ್ದೇ, ಮೇಲಿನ ಸಾಲಿನದ್ದೇ ಆದ ನಿಜವಾದ ಪದಗಳು ಬೇಕು. ಸಾಧ್ಯವಾದಷ್ಟು ಉದ್ದವಿರಲಿ. ಪದಪಟ್ಟಿ ಇಳಿಸಿಕೊಂಡು ಗೂಗಲ್ ಶೀಟ್ಸ್‌ನಲ್ಲಿ ರೆಜೆಕ್ಸ್‌ಮ್ಯಾಚ್ (ಪದ ನಾವು ಕೊಟ್ಟ ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ಸೂತ್ರ) ಹಾಕಿದರೆ ಹೆಚ್ಚುಕಮ್ಮಿ ಎಲ್ಲ ಪದಕ್ಕೂ ‘ಟ್ರೂ’ ಬರುತ್ತಿದೆ. ಏನು ಕಾರಣ?

ಪದಜಾಲಿ:
ಚೌಕ ಕಂಸದೊಳಗೆ ಅಕ್ಷರಗಳನ್ನಷ್ಟೇ ಕೊಟ್ಟಿರುತ್ತೀರಿ. ಹಾಗೆ ಕೊಟ್ಟರೆ ‘ಇವುಗಳಲ್ಲಿ ಒಂದಾದರೂ ಇದೆಯೇ’ ಅಂತ ಅದು ನೋಡುತ್ತದೆ, ಎಲ್ಲದಕ್ಕೂ ಹೌದು ಅನ್ನುತ್ತದೆ. ಕಂಸದ ಮುಂದೆ ^, ಕಂಸ ಮುಗಿದ ಕೂಡಲೇ +, ಕೊನೆಗೆ $ ಹಾಕಿ. ಆಗ ಪದದ ಮೊದಲಿಂದ ಕೊನೆಯವರೆಗೂ ಆ ಅಕ್ಷರಗಳೇ ಇರಬೇಕು ಎಂದಾಗುತ್ತದೆ. ಪಕ್ಕದ ಕಾಲಮ್ಮಿನಲ್ಲಿ ‘ಲೆನ್’ ಹಾಕಿ ಅಕ್ಷರ ಎಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿದರೆ ಮುಗಿಯಿತು.

ದೊಡ್ಡಕ್ಷರ ಬೆರೆತಿದ್ದರೆ ಮೊದಲು ‘ಲೋಯರ್’ ಮಾಡಿಕೊಳ್ಳಿ. ಅದೇ ಕೆಲಸವನ್ನು ಲಿನಕ್ಸ್‌ನಲ್ಲಿ ಗ್ರೆಪ್‌ನಿಂದ (ಮಾದರಿಗೆ ಹೊಂದುವ ಸಾಲುಗಳನ್ನು ಹುಡುಕಿಕೊಡುವ ಆಜ್ಞೆ) ಮಾಡುವವರಿಗೆ ಇದರ ಉಲ್ಟಾ ಕಾಟವಿದೆ: ವಿಂಡೋಸ್‌ನಲ್ಲಿ ಉಳಿಸಿದ ಪಟ್ಟಿಯಾದರೆ ಒಂದು ಪದವೂ ಸಿಗುವುದಿಲ್ಲ. ಪ್ರತಿ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಕೂತಿರುತ್ತದೆ, ಅದು ನಿಮ್ಮ ಕಂಸದೊಳಗಿಲ್ಲ. ಹಳೆ ಟೈಪ್‌ರೈಟರ್‌ನಲ್ಲಿ ಸಾಲು ಮುಗಿದಾಗ ಎಳೆಯುತ್ತಿದ್ದ ಸನ್ನೆಯ ಹೆಸರೇ ಅದು, ಇನ್ನೂ ಬಿಟ್ಟಿಲ್ಲ!

ಸ್ಕ್ರ್ಯಾಬಲ್‌ಗೆಂದು (ಪದ ಜೋಡಿಸುವ ಬೋರ್ಡ್ ಆಟ) ಮಾಡಿದ ಪಟ್ಟಿಯಾದರೆ ಸಾಮಾನ್ಯವಾಗಿ 15 ಅಕ್ಷರಕ್ಕಿಂತ ಉದ್ದದ್ದು ಇರುವುದಿಲ್ಲ, ಬೋರ್ಡಿನ ಒಂದು ಸಾಲೇ 15 ಮನೆಯದ್ದು. ನಿಮ್ಮ ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕು.

ಹತ್ತುಬೆರಳು:
ಹುಡುಕುವಷ್ಟರಲ್ಲಿ ಇವನ್ನು ಬರೆದುಕೊಳ್ಳಿ.

ಮೇಲಿನ ಸಾಲು: ಟೈಪ್‌ರೈಟರ್, ಪ್ರೊಪ್ರೈಟರ್, ಪರ್ಪೆಚ್ಯುಯಿಟಿ, ರೆಪರ್ಟ್ವಾರ್ (ಕೊನೆಗೆ ಆರ್, ಇ ಎರಡೂ ಬರುವ ಸ್ಪೆಲಿಂಗ್). ನಾಲ್ಕೂ 10 ಅಕ್ಷರ. ರಪ್ಚರ್‌ವರ್ಟ್ ಎಂಬ ಗಿಡದ ಹೆಸರು 11, ಆದರೆ ದೊಡ್ಡ ನಿಘಂಟಲ್ಲಿ ಮಾತ್ರ ಸಿಗುವ ಪದ ಕಲಿಯುವವರಿಗೆ ಯಾಕೆ?

ಎಡಗೈ: ಸ್ಟೂವರ್ಡೆಸಸ್, ರಿವರ್ಬರೇಟೆಡ್, ಡಿಸೆಗ್ರಿಗೇಟೆಡ್. ಮೂರೂ 12.

ಬಲಗೈ: ಲಾಲಿಪಾಪ್ 8, ಪಾಲಿಫನಿ 9, ನೊನಿಲಿಯನ್ 9, ಹೈಪೊಲಿಮ್ನಿಯನ್ 11. ಕೊನೆಯದು ಆಳವಾದ ಕೆರೆಯ ತಳದ ತಣ್ಣನೆ ನೀರಿನ ಪದರ.

ಬಲಗೈಗೆ ಸಾಮಾನ್ಯ ಪದ ಕಡಿಮೆ ಸಿಗುವುದಕ್ಕೆ ಕಾರಣವಿದೆ. ಯು, ಐ, ಒ ಮೂರು ಸ್ವರ ಅಲ್ಲೇ ಇವೆ, ಎಡಕ್ಕೆ ಬರೀ ಎ ಮತ್ತು ಇ. ಆದರೆ ಎಸ್, ಇ, ಡಿ ಎಡಗೈ ಪಾಲಾಗಿರುವುದರಿಂದ ಬಹುವಚನದ ಬಾಲವೂ ಭೂತಕಾಲದ ಬಾಲವೂ ಎಡಗೈ ಪದಕ್ಕೆ ಮಾತ್ರ ಹತ್ತುತ್ತವೆ. ಮೇಲಿನ ಮೂರನ್ನೇ ನೋಡಿ, ಎಲ್ಲವೂ ಬಾಲದಿಂದಲೇ ಉದ್ದವಾದವು. ‘ಇಂಗ್’ ಬಾಲ ಇಬ್ಬರಿಗೂ ಇಲ್ಲ: ಐ, ಎನ್ ಬಲಕ್ಕೆ, ಜಿ ಎಡಕ್ಕೆ.

ಬೆರಳಚ್ಚು:
ಧನ್ಯವಾದ, ^ ಮತ್ತು $ ಹಾಕಿದ ಮೇಲೆ ಸರಿಯಾಯಿತು. ಮಧ್ಯದ ಸಾಲಿನಲ್ಲಿ ಮಾತ್ರ ತೀರಾ ಕಡಿಮೆ ಬರುತ್ತಿದೆ. ಪಟ್ಟಿಯ ದೋಷವೇ?

ಹತ್ತುಬೆರಳು:
ಪಟ್ಟಿ ಸರಿಯಾಗೇ ಇದೆ. ಆ ಸಾಲಿನಲ್ಲಿರುವ ಸ್ವರ ಎ ಒಂದೇ. ಆಲ್ಫಾಲ್ಫಾ 7 (ದನಕ್ಕೆ ಹಾಕುವ ಲೂಸರ್ನ್ ಮೇವು), ಸ್ಯಾಲಡ್ಸ್ 6, ಫ್ಲಾಸ್ಕ್ಸ್ 6, ಇಂಥವೇ. ಕೆಳಗಿನ ಸಾಲಿನಲ್ಲಿ ಸ್ವರವೇ ಇಲ್ಲ, ಅದರ ಆಸೆ ಬಿಡಿ.

ಒಂದು ಮಾತು: ಉದ್ದ ನೋಡಿ ಪದ ಆರಿಸಬೇಡಿ, ಬೆರಳು ನೋಡಿ ಆರಿಸಿ. ರಿವರ್ಬರೇಟೆಡ್‌ನ ಮೊದಲ ಆರು ಅಕ್ಷರ ಆರ್, ಇ, ವಿ, ಇ, ಆರ್, ಬಿ. ಇಲ್ಲಿ ಇ ನಡುಬೆರಳಿಗೆ, ಉಳಿದ ನಾಲ್ಕೂ ತೋರುಬೆರಳಿಗೆ. ಐದನೆಯ ಆರ್ ಒತ್ತಿದ ಬೆರಳೇ ಮರುಕ್ಷಣ ಮೇಲಿನ ಸಾಲಿಂದ ಕೆಳಗಿನ ಸಾಲಿಗೆ ಹಾರಿ ಬಿ ಹಿಡಿಯಬೇಕು. ಸ್ವಲ್ಪ ಮುಂಚೆ ವಿ ಒತ್ತಿದ ರೂಢಿಯಿರುವುದರಿಂದ ಬಿ ಬದಲು ಮತ್ತೆ ವಿ ಬೀಳುತ್ತದೆ. ಇದನ್ನು ಮೊದಲ ವಾರ ಕೊಟ್ಟರೆ ತಪ್ಪನ್ನೇ ಕಲಿಸಿದಂತೆ. ಸ್ಟೂವರ್ಡೆಸಸ್ ವಾಸಿ: ಡಿ, ಇ ಎರಡೂ ನಡುಬೆರಳಿಗೆ ಒಟ್ಟಿಗೆ ಬರುತ್ತವೆ, ಆದರೆ ಅಕ್ಕಪಕ್ಕದ ಸಾಲು, ಹತ್ತಿರದ ಚಲನೆ.

ಪದಜಾಲಿ:
ಕೈ ಬದಲಿಸುತ್ತಾ ಹೋಗುವ ಪದವನ್ನೂ ಸೇರಿಸಿ. ಡಿಸ್‌ಮ್ಯಾಂಟಲ್‌ಮೆಂಟ್, 13 ಅಕ್ಷರ: ಎಡದಲ್ಲಿ ಶುರುವಾಗಿ ಎಡ, ಬಲ, ಎಡ, ಬಲ ಅಂತ ಕೊನೆಯ ಟಿವರೆಗೂ ಒಮ್ಮೆಯೂ ತಪ್ಪುವುದಿಲ್ಲ. ಹುಡುಕುವ ಸೂತ್ರ ಹೀಗೆ: ^ ಆದ ಮೇಲೆ ದುಂಡು ಆವರಣದೊಳಗೆ ಎಡಗೈ ಕಂಸ, ಅದರ ಬೆನ್ನಿಗೇ ಬಲಗೈ ಕಂಸ, ಆವರಣದ ಹೊರಗೆ +, ಆಮೇಲೆ ಇನ್ನೊಂದು ಎಡಗೈ ಕಂಸಕ್ಕೆ ‘?’ ಹಚ್ಚಿ, ಕೊನೆಗೆ $. ಆ ‘?’ ಬಿಟ್ಟರೆ ಬೆಸ ಸಂಖ್ಯೆಯ ಅಕ್ಷರಗಳ ಪದಗಳೇ ಬರುತ್ತವೆ, ಸರಿಸಂಖ್ಯೆಯವು ಜಾರಿಹೋಗುತ್ತವೆ. ಬಲಗೈಯಿಂದ ಶುರುವಾಗುವವು ಬೇಕಿದ್ದರೆ ಕಂಸಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಓಡಿಸಿ.