ಶಾಸನಗಳ ಪೋರ್ಟಲ್: ಜಿಲ್ಲೆ ಬದಲಾದ ಊರನ್ನು ಆರ್‌ಡಿಎಫ್‌ನಲ್ಲಿ ಬರೆಯೋದು ಹೇಗೆ?

ದುರ್ಗದ_ಹುಡುಗ:
ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಕಡೆಯ ಶಾಸನಗಳಿಗೆ ಒಂದು ಪೋರ್ಟಲ್ ಮಾಡುತ್ತಿದ್ದೇನೆ. ಹಳೇ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ನೋಡಿ ಎಕ್ಸೆಲ್‌ಗೆ ಹಾಕಿಕೊಂಡೆ. ಅದರಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಅಂತ ಇವೆ. ಈಗ ಹರಿಹರವೇ ಒಂದು ತಾಲ್ಲೂಕು, ಜಿಲ್ಲೆ ದಾವಣಗೆರೆ. ಕಾಲಂ ತಿದ್ದಿದರೆ ಪುಸ್ತಕಕ್ಕೆ ತಾಳೆಯಾಗುವುದಿಲ್ಲ, ಹಾಗೇ ಬಿಟ್ಟರೆ ಇವತ್ತು ಹುಡುಕುವವರಿಗೆ ಸಿಗುವುದಿಲ್ಲ. ಆರ್‌ಡಿಎಫ್‌ಗೆ (ಮಾಹಿತಿಯನ್ನು ಒಂದಕ್ಕೊಂದು ಕೊಂಡಿ ಹಾಕಿ ಬರೆಯುವ ವೆಬ್ ಪದ್ಧತಿ) ಹೋದರೆ ಸರಿಹೋಗುತ್ತಾ, ಇಲ್ಲ ಸುಮ್ನೆ ಕೆಲಸ ಜಾಸ್ತಿನಾ?

ಬೆಣ್ಣೆದೋಸೆ:
ಸರಿಹೋಗುತ್ತದೆ. ಆರ್‌ಡಿಎಫ್‌ನಲ್ಲಿ ಎಲ್ಲವೂ ಮೂರು ತುಂಡಿನ ಸಾಲು: ಈ ಶಾಸನ, ಇರುವ ಊರು, ಹರಿಹರ. ಶಾಸನವನ್ನು ಊರಿಗೆ ಮಾತ್ರ ಕಟ್ಟಿ, ಜಿಲ್ಲೆಗೆ ಬೇಡ. ಊರು ಯಾವ ಜಿಲ್ಲೆಯದು ಅನ್ನೋದಕ್ಕೆ ಇಸವಿಯೂ ಬೇಕು, 1997ರವರೆಗೆ ಚಿತ್ರದುರ್ಗ, ಆಮೇಲೆ ದಾವಣಗೆರೆ. ಮೂರೇ ತುಂಡಿನಲ್ಲಿ ಇಸವಿಗೆ ಜಾಗ ಇಲ್ಲ, ಅದಕ್ಕೆ 'ಸೇರ್ಪಡೆ' ಅಂತ ಒಂದು ನೋಡ್ (ಕೊಂಡಿಗಳು ಸೇರುವ ಬಿಂದು) ಮಾಡಿ, ಊರು, ಜಿಲ್ಲೆ, ಶುರು, ಕೊನೆ ನಾಲ್ಕನ್ನೂ ಅದಕ್ಕೇ ಕಟ್ಟಿ. ಹರಪನಹಳ್ಳಿ ಹಾಕಿ ನೋಡಿ, ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಅದು ಸರಿಯಾಗಿ ಕೂತರೆ ಉಳಿದ ಊರುಗಳೆಲ್ಲ ಕೂರುತ್ತವೆ. ಯುಆರ್‌ಐ (ಪ್ರತಿ ವಸ್ತುವಿನ ಗುರುತಿನ ವೆಬ್ ವಿಳಾಸ) ಒಳಗೆ ಜಿಲ್ಲೆಯ ಹೆಸರು ಹಾಕಲೇಬೇಡಿ, ಊರಿಗೊಂದು ನಂಬರ್ ಸಾಕು.

ಚಂದ್ರವಳ್ಳಿ_ಕೆರೆ:
ಹೆಸರಿನ ಪಾಡು ಮರೀಬೇಡಿ. ಬ್ರಿಟಿಷರ ಕಾಲದ ಪುಸ್ತಕದಲ್ಲಿ ನಮ್ಮೂರು 'ಚಿತಲ್‌ಡ್ರೂಗ್'. ಸ್ಕಾಸ್‌ನಲ್ಲಿ (ಹೆಸರು, ಪದಗಳನ್ನು ಆರ್‌ಡಿಎಫ್‌ನಲ್ಲಿ ಬರೆಯುವ ಪದ್ಧತಿ) ಒಂದು ಮುಖ್ಯ ಹೆಸರು, ಎಷ್ಟು ಬೇಕಾದರೂ ಬೇರೆ ಹೆಸರು ಕೊಡಬಹುದು. ಆದರೆ ವಿಕಿಪೀಡಿಯದ ಜೊತೆಗಿನ ಮುಕ್ತ ಮಾಹಿತಿ ಕೋಶ ವಿಕಿಡೇಟಾಗೆ ಜೋಡಿಸುವಾಗ 'ಸೇಮ್‌ಆ್ಯಸ್' (ಎರಡೂ ಒಂದೇ ಅನ್ನುವ ಕೊಂಡಿ) ಬಳಸೋದಾದರೆ ತುಂಬಾ ಹುಷಾರು. ಚಿತ್ರದುರ್ಗ ಊರು ಬೇರೆ, ತಾಲ್ಲೂಕು ಬೇರೆ, ಜಿಲ್ಲೆ ಬೇರೆ, ಕೋಟೆ ಬೇರೆ ಅಲ್ವಾ? ಊರನ್ನು ಜಿಲ್ಲೆಗೆ ಜೋಡಿಸಿಬಿಟ್ಟರೆ ಮೊಳಕಾಲ್ಮೂರಿನ ಬಂಡೆಗಳೂ ದುರ್ಗದ ಪೇಟೆಯೊಳಗೆ ಬಂದು ಕೂರುತ್ತವೆ.

ಹರಿಹರ_ಹೊಳೆ:
ಎಕ್ಸೆಲ್ ಬಿಸಾಡಬೇಡಿ ಸರ್. ಓಪನ್‌ರಿಫೈನ್‌ನಲ್ಲಿ (ಮಾಹಿತಿ ಶುಚಿಮಾಡುವ ತಂತ್ರಾಂಶ) ಹೆಸರು ಸರಿಮಾಡಿ ಆರ್‌ಡಿಎಫ್ ತೆಗೆಯಿರಿ, ಆರ್‌ಡಿಎಫ್ ಇಡುವ ಸರ್ವರ್ ಫ್ಯುಸೆಕಿಗೆ ಹಾಕಿ, ಅದರ ಪ್ರಶ್ನೆ ಭಾಷೆ ಸ್ಪಾರ್ಕಲ್‌ನಲ್ಲಿ ಕೇಳಿ. ಪುಟಗಳಲ್ಲಿ ಜೇಸನ್-ಎಲ್‌ಡಿ (ಆರ್‌ಡಿಎಫ್ ಬರೆಯುವ ಇನ್ನೊಂದು ರೂಪ) ಇಟ್ಟರೆ ಸರ್ಚ್ ಇಂಜಿನ್‌ಗೂ ಅರ್ಥವಾಗುತ್ತದೆ.

ದುರ್ಗದ_ಹುಡುಗ:
ತುಂಬಾ ಥ್ಯಾಂಕ್ಸ್. ಹರಪನಹಳ್ಳಿ ಬರೆದು ನೋಡಿದೆ, ಕೂತಿತು! ಇನ್ನೊಂದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಇರೋದು ಅಶೋಕನ ಒಂದೇ ಶಾಸನದ ಪಾಠ. ಇದು ಒಂದು ಶಾಸನವೋ, ಮೂರೋ?

ಬೆಣ್ಣೆದೋಸೆ:
ಪಾಠಕ್ಕೆ ಒಂದು ನೋಡ್, ಬಂಡೆಗೆ ಮೂರು. ಸವೆದ ಅಕ್ಷರ, ಫೋಟೋ, ಜಾಗ ಎಲ್ಲ ಬಂಡೆಗೆ ಕಟ್ಟಿ. ಅನುವಾದ ಪಾಠಕ್ಕೆ.