ಅಪ್‌ಡೇಟ್: ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಗ್ಲೂಕೋಸ್ ಬರುವುದೇಕೆ?

ಖಾಲಿಹೊಟ್ಟೆಯ ಸಕ್ಕರೆ 92, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 5.3, ಆದರೂ ಮೂತ್ರದ ಸ್ಟ್ರಿಪ್‌ನಲ್ಲಿ ಗ್ಲೂಕೋಸ್ 2+ ಏಕೆ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ: ರೀನಲ್ ಗ್ಲೈಕೋಸೂರಿಯಾ, ಅಂದರೆ ರಕ್ತದ ಸಕ್ಕರೆ ಸರಿಯಿದ್ದರೂ ಕಿಡ್ನಿ ಗ್ಲೂಕೋಸನ್ನು ಮೂತ್ರಕ್ಕೆ ಬಿಡುವ ಸ್ಥಿತಿ.

ಕಿಡ್ನಿ ಸೋಸಿದ ಗ್ಲೂಕೋಸ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ವಾಪಸ್ ಹೋಗಬೇಕು. ಅದರಲ್ಲಿ ಸುಮಾರು ಶೇ. 90ರಷ್ಟು ಕೆಲಸ ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನಿನದು. ರಕ್ತದ ಸಕ್ಕರೆ ಸುಮಾರು 180 ದಾಟಿದಾಗ ಅದಕ್ಕೆ ನಿಭಾಯಿಸಲಾಗದೆ ಮಿಕ್ಕಿದ್ದು ಮೂತ್ರಕ್ಕೆ ಇಳಿಯುತ್ತದೆ. ಡಯಾಬಿಟಿಸ್‌ನಲ್ಲಿ ಆಗುವುದು ಇದೇ. ರೀನಲ್ ಗ್ಲೈಕೋಸೂರಿಯಾದಲ್ಲಿ ಆ ಪ್ರೋಟೀನಿನ ಜೀನ್‌ನಲ್ಲೇ ಹುಟ್ಟಿನಿಂದ ದೋಷವಿರುತ್ತದೆ. ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಆದರೆ ಈ ಹೆಸರು ಕೊಡುವ ಮುಂಚೆ ಬೇರೆ ಕಾರಣಗಳನ್ನು ತಳ್ಳಿಹಾಕಲೇಬೇಕು. ಮೊದಲು ಮಾತ್ರೆಗಳ ಪಟ್ಟಿ ನೋಡಿ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಡಯಾಬಿಟಿಸ್ ಮಾತ್ರೆಗಳು ಇದೇ ಪ್ರೋಟೀನನ್ನು ತಡೆಯುತ್ತವೆ, ಹಾಗಾಗಿ ಸ್ಟ್ರಿಪ್ ಪಾಸಿಟಿವ್ ಬಂದೇ ಬರುತ್ತದೆ. ಹೃದಯಕ್ಕೋ ಕಿಡ್ನಿಗೋ ಎಂದು ಕೊಟ್ಟಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಗರ್ಭಿಣಿಯರಲ್ಲಿ ಸೋಸುವಿಕೆ ಹೆಚ್ಚುವುದರಿಂದ ತುಸು ಗ್ಲೂಕೋಸ್ ಕಾಣಬಹುದು. ಆದರೂ ಶುಗರ್ ಟೆಸ್ಟ್ ಬಿಡುವಂತಿಲ್ಲ.

ನಿಜವಾಗಿ ಹೆದರಬೇಕಾದದ್ದು ಫ್ಯಾಂಕೋನಿ ಸಿಂಡ್ರೋಮ್‌ಗೆ. ಅಲ್ಲಿ ಕಿಡ್ನಿಯ ವಾಪಸ್ ಹೀರುವ ಕೆಲಸವೇ ಕೆಟ್ಟು ಗ್ಲೂಕೋಸ್ ಜೊತೆ ಫಾಸ್ಫೇಟ್, ಬೈಕಾರ್ಬೊನೇಟ್, ಅಮೈನೋ ಆಮ್ಲಗಳೂ ಸೋರುತ್ತವೆ. ಟೆನೊಫೊವಿರ್ ಮಾತ್ರೆ (ಎಚ್‌ಐವಿ, ಹೆಪಟೈಟಿಸ್ ಬಿಗೆ ಕೊಡುವುದು), ದೊಡ್ಡವರಲ್ಲಿ ಮೈಲೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್), ಮಕ್ಕಳಲ್ಲಿ ಸಿಸ್ಟಿನೋಸಿಸ್ (ಒಂದು ಅಪರೂಪದ ಆನುವಂಶಿಕ ಕಾಯಿಲೆ) ಇದಕ್ಕೆ ಕಾರಣವಾಗಬಲ್ಲವು. ಆದ್ದರಿಂದ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಬೈಕಾರ್ಬೊನೇಟ್, ಕ್ರಿಯಾಟಿನಿನ್ ನಾಲ್ಕನ್ನೂ ಮಾಡಿಸಿ.

ಸ್ಟ್ರಿಪ್ ಕೂಡ ಮೋಸ ಮಾಡುತ್ತದೆ. ಮೂತ್ರ ಹಿಡಿಯುವ ಡಬ್ಬಿಯಲ್ಲಿ ಬ್ಲೀಚ್ ಅಂಶ ಉಳಿದಿದ್ದರೆ ಸುಳ್ಳು ಪಾಸಿಟಿವ್, ವಿಟಮಿನ್ ಸಿ ಹೆಚ್ಚಿದ್ದರೆ ಸುಳ್ಳು ನೆಗೆಟಿವ್.